ಕೊಕ್ಕೆ ಹಾಕೋ ಮುಂಚೆ, ಎಲ್ಲಿ ಅಂತ ನೋಡೋಣ

ಏಳನೇ ಸೆಮಿಸ್ಟರ್ ಹತ್ತಿರ ಬಂತು ಅಂದ್ರೆ ಬಾಪೂಜಿ ನಗರದ ಪಿಜಿಗಳಲ್ಲಿ ಮಾತೆಲ್ಲ ಪ್ರಾಜೆಕ್ಟ್ ಟೈಟಲ್ ಬಗ್ಗೆನೇ. ಸೆಕ್ಯುರಿಟಿ ಕಡೆ ಒಲವಿರೋ ಟೀಮ್‌ಗಳಲ್ಲಿ ಈಗ ಒಂದು ಟೈಟಲ್ ಪದೇ ಪದೇ ಕೇಳಿಬರ್ತಿದೆ: ಕರ್ನಲ್ ಮಟ್ಟದಲ್ಲಿ ರ‍್ಯಾನ್ಸಮ್‌ವೇರ್ ಪತ್ತೆ ಹಚ್ಚೋದು. ಯಾವ ಪ್ರೋಗ್ರಾಂ ಯಾವ ಫೈಲ್ ತೆರೀತಿದೆ, ಬರೀತಿದೆ, ಅಳಿಸ್ತಿದೆ ಅನ್ನೋದನ್ನ ಆಪರೇಟಿಂಗ್ ಸಿಸ್ಟಂ ಒಳಗೇ ಹಿಡಿದು, ಅನುಮಾನ ಬಂದ್ರೆ ತಡೆಯೋದು. ಟೈಟಲ್ ಚೆನ್ನಾಗಿದೆ, ಗೈಡ್‌ಗೂ ಇಷ್ಟ ಆಗತ್ತೆ. ನಮಗೆ ತಕರಾರು ಇರೋದು ಆಮೇಲೆ ನಡೆಯೋದರ ಬಗ್ಗೆ. ಎಲ್ಲೋ ಹತ್ತು ಹದಿನೈದು ವರ್ಷ ಹಳೇ ಕೋಡ್ ಸಿಗತ್ತೆ, ಅದನ್ನ ಇಳಿಸ್ಕೊಂಡು ಕಂಪೈಲ್ ಆಗೋವರೆಗೂ ತಿದ್ದಿ, ಡೆಮೋ ದಿನ ಒಂದು ಫೈಲ್ ತೆರೆದು ತೋರಿಸಿ ಮುಗಿಸೋದು. ಫೈಲ್ ಕೆಲಸಗಳನ್ನ ಎಲ್ಲಿ ನಿಂತು ಹಿಡೀಬೇಕು, ಯಾಕೆ ಅಲ್ಲೇ, ಅಲ್ಲಿ ಏನೇನು ಕೈತಪ್ಪತ್ತೆ ಅನ್ನೋ ಪ್ರಶ್ನೆನ ಟೀಮೂ ಕೇಳಲ್ಲ, ಪ್ಯಾನೆಲ್ಲೂ ಕೇಳಲ್ಲ. ನಮ್ಮ ಪ್ರಕಾರ ಈ ವಿಷಯದಲ್ಲಿ ಕಲಿಯೋಕಿರೋದೇ ಆ ಪ್ರಶ್ನೆ. ಅದನ್ನ ಕಲಿಸೋ ಸಾಧನ ಕೂಡ ದೂರದ್ದಲ್ಲ, ಇದೇ ಊರಲ್ಲಿ ಶುರುವಾಗಿದ್ದು.

ಇಂಗ್ಲಿಷ್‌ನಲ್ಲಿ ಹುಕ್ ಅಂತಾರಲ್ಲ, ಅದಕ್ಕೆ ನಾವು ಕೊಕ್ಕೆ ಅಂತಲೇ ಬರೀತೀವಿ. ಕನ್ನಡದಲ್ಲಿ ಕೊಕ್ಕೆ ಹಾಕೋದು ಅಂದ್ರೆ ಯಾರದೋ ಕೆಲಸಕ್ಕೆ ಅಡ್ಡಗಾಲು ಹಾಕೋದು ಅಂತಲೂ ಅರ್ಥ. ಕರ್ನಲ್ ಒಳಗಿನ ಕೊಕ್ಕೆಗೆ ಎರಡು ಅರ್ಥಾನೂ ಸರಿಯಾಗಿ ಕೂಡತ್ತೆ.

ಮೊದಲು ದಾರಿ ನೋಡೋಣ. ಲಿನಕ್ಸ್‌ನಲ್ಲಿ ನಿಮ್ಮ ಪ್ರೋಗ್ರಾಂ ಓಪನ್ ಅಂತ ಕೇಳಿದಾಗ ಅದು ಸಿಸ್ಟಂ ಕಾಲ್ ಮೂಲಕ ಕರ್ನಲ್ ಒಳಗೆ ಹೋಗತ್ತೆ. ಅಲ್ಲಿ ವಿಎಫ್‌ಎಸ್ ಅನ್ನೋ ಪದರ ಇದೆ, ವರ್ಚುವಲ್ ಫೈಲ್ ಸಿಸ್ಟಂ. ಹಾರ್ಡ್ ಡಿಸ್ಕ್‌ನ ಇಎಕ್ಸ್‌ಟಿ4 ಆಗಲಿ, ಪೆನ್‌ಡ್ರೈವ್‌ನ ಫ್ಯಾಟ್ ಆಗಲಿ, ನೆಟ್‌ವರ್ಕ್ ಮೇಲಿನ ಎನ್‌ಎಫ್‌ಎಸ್ ಆಗಲಿ, ಎಲ್ಲಾ ಕೋರಿಕೆಗಳೂ ಅದರ ಮೂಲಕವೇ ಹಾದು ಆಯಾ ಫೈಲ್ ಸಿಸ್ಟಂಗೆ ಹೋಗ್ತವೆ. ನಮ್ಮ ಏರಿಯಾದವರಿಗೆ ಸುಲಭವಾಗಿ ಹೇಳೋದಾದ್ರೆ ಅದು ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣ ಇದ್ದ ಹಾಗೆ. ಮಂಡ್ಯಕ್ಕೆ ಹೋಗೋರು, ಮೈಸೂರಿಗೆ ಹೋಗೋರು, ಮಡಿಕೇರಿಗೆ ಹೋಗೋರು ಒಂದೇ ಜಾಗಕ್ಕೆ ಬಂದು ಅಲ್ಲಿಂದ ಬೇರೆ ಬೇರೆ ಬಸ್ ಹತ್ತೋದು. ಪ್ರಯಾಣಿಕರನ್ನ ಎಲ್ಲಿ ನೋಡಬಹುದು? ಮನೆ ಬಾಗಿಲಲ್ಲಿ, ನಿಲ್ದಾಣದ ಗೇಟ್‌ನಲ್ಲಿ, ಪ್ಲಾಟ್‌ಫಾರ್ಮ್‌ನಲ್ಲಿ, ಬಸ್ ಒಳಗೆ, ಇಲ್ಲಾಂದ್ರೆ ದಾರಿ ಮಧ್ಯೆ ಬಸ್ ನಿಲ್ಲಿಸಿ. ಒಂದೊಂದು ಕಡೆ ಒಂದೊಂದು ಕಾಣತ್ತೆ, ಒಂದೊಂದು ತಪ್ಪಿಸ್ಕೊಳ್ಳತ್ತೆ.

ಹಳೇ ಕೋಡ್ ಏನು ಮಾಡ್ತಿತ್ತು ಅಂದ್ರೆ, ಗೇಟ್‌ನಲ್ಲಿರೋ ಬೋರ್ಡನ್ನೇ ಬದಲಾಯಿಸ್ತಿತ್ತು. ಸಿಸ್ಟಂ ಕಾಲ್‌ಗಳ ವಿಳಾಸ ಇರೋ ಒಂದು ಟೇಬಲ್ ಇದೆ. ಅದರಲ್ಲಿ ಓಪನ್‌ನ ಜಾಗದಲ್ಲಿ ನಮ್ಮ ಫಂಕ್ಷನ್‌ನ ವಿಳಾಸ ಬರೆದುಬಿಟ್ರೆ ಎಲ್ಲರೂ ಮೊದಲು ನಮ್ಮ ಹತ್ತಿರ ಬರ್ತಾರೆ. ಐಡಿಯಾ ಸರಳ, ಅದಕ್ಕೇ ಜನಪ್ರಿಯ. ರೂಟ್‌ಕಿಟ್ ಬರೆಯೋರು ಬಳಸಿದ್ದೂ ಇದನ್ನೇ, ಕೆಲವು ಆಂಟಿವೈರಸ್‌ಗಳು ಬಳಸಿದ್ದೂ ಇದನ್ನೇ. ಕರ್ನಲ್ ಬರೆಯೋರಿಗೆ ಇದು ಯಾವತ್ತೂ ಇಷ್ಟ ಇರಲಿಲ್ಲ. 2.6 ಸರಣಿಗೆ ಬರೋ ಹೊತ್ತಿಗೇ ಆ ಟೇಬಲ್‌ನ ಹೆಸರನ್ನ ಮಾಡ್ಯೂಲ್‌ಗಳಿಗೆ ಕೊಡೋದು ನಿಲ್ಲಿಸಿದ್ರು. ಜನ ಬೇರೆ ದಾರಿಯಲ್ಲಿ ವಿಳಾಸ ಹುಡುಕ್ತಿದ್ರು, 2020ರ 5.7ರಲ್ಲಿ ಆ ಹುಡುಕೋ ಫಂಕ್ಷನ್ ಕೂಡ ಮಾಡ್ಯೂಲ್‌ಗಳಿಗೆ ಸಿಗದ ಹಾಗೆ ಆಯ್ತು. ಮೆಮೊರಿಯ ಬರಹ ರಕ್ಷಣೆ ತೆಗೆಯೋಕೆ ಪ್ರೊಸೆಸರ್‌ನ ಒಂದು ಬಿಟ್ ತಿರುಗಿಸ್ತಿದ್ರು, 2019ರ 5.3ರಿಂದ ಕರ್ನಲ್‌ನ ಆ ಮಾಮೂಲಿ ಫಂಕ್ಷನ್ ಕರೆದ್ರೆ ಅದು ಎಚ್ಚರಿಕೆ ಬರೆದು ಬಿಟ್ಟನ್ನ ವಾಪಸ್ ಹಾಕಿಬಿಡತ್ತೆ.

ಇಷ್ಟಾದ್ಮೇಲೂ ಎಲ್ಲಾ ತಡೆ ದಾಟಿ ಟೇಬಲ್ ಬದಲಾಯಿಸಿದ್ರಿ ಅಂದ್ಕೊಳ್ಳಿ. 2024ರಲ್ಲಿ ಪ್ರೊಸೆಸರ್‌ನ ಒಂದು ಸೆಕ್ಯುರಿಟಿ ತೊಂದರೆಗೆ ಪರಿಹಾರ ಅಂತ, 64 ಬಿಟ್ ಎಕ್ಸ್86 ಕರ್ನಲ್‌ನಲ್ಲಿ ಸಿಸ್ಟಂ ಕಾಲ್‌ಗಳನ್ನ ಟೇಬಲ್ ನೋಡಿ ಕರೆಯೋದನ್ನೇ ಬಿಟ್ಟು ಸ್ವಿಚ್ ಸ್ಟೇಟ್‌ಮೆಂಟ್ ಮೂಲಕ ನೇರವಾಗಿ ಕರೆಯೋ ಹಾಗೆ ಮಾಡಿದ್ರು. 6.9 ಕರ್ನಲ್‌ನಲ್ಲಿ ಹೀಗೇ ಇದೆ. ಟೇಬಲ್ ಇನ್ನೂ ಅಲ್ಲೇ ಇದೆ, ಆದ್ರೆ ಆ ದಾರಿಯಲ್ಲಿ ಯಾರೂ ಬರಲ್ಲ. ಮಾಡ್ಯೂಲ್ ಲೋಡ್ ಆಗತ್ತೆ, ಎರರ್ ಬರಲ್ಲ, ಲಾಗ್‌ನಲ್ಲಿ ‘ಹುಕ್ ಇನ್‌ಸ್ಟಾಲ್ಡ್’ ಅಂತಲೂ ಬರತ್ತೆ, ಒಂದೇ ಒಂದು ಫೈಲೂ ಸಿಕ್ಕಿಬೀಳಲ್ಲ. ಇದಕ್ಕೆ ಟೀಮ್‌ಗಳು ಕಂಡುಕೊಂಡಿರೋ ಪರಿಹಾರ ಅಂದ್ರೆ ವರ್ಚುವಲ್ ಮೆಷಿನ್‌ನಲ್ಲಿ ಉಬುಂಟು 16.04 ಹಾಕ್ಕೊಳ್ಳೋದು! ರಿಪೋರ್ಟ್‌ನಲ್ಲಿ ಮಾತ್ರ ‘ಆಧುನಿಕ ರ‍್ಯಾನ್ಸಮ್‌ವೇರ್’.

ಹಳೇ ಕರ್ನಲ್ ಅನ್ನೋದಷ್ಟೇ ತೊಂದರೆ ಆಗಿದ್ರೆ ನಾವು ಇಷ್ಟು ಬರೀತಿರಲಿಲ್ಲ. ಗೇಟ್‌ನಲ್ಲಿ ನಿಲ್ಲೋದರಲ್ಲೇ ದೋಷ ಇದೆ. ಓಪನ್ ಕಾಲ್ ಕರ್ನಲ್ ಬಾಗಿಲಿಗೆ ಬಂದಾಗ ಫೈಲ್ ಹೆಸರು ಇನ್ನೂ ಪ್ರೋಗ್ರಾಂನ ಮೆಮೊರಿಯಲ್ಲೇ ಇರತ್ತೆ. ನಿಮ್ಮ ಕೊಕ್ಕೆ ಅದನ್ನ ಓದಿ ‘ಸರಿ, ಹೋಗು’ ಅನ್ನತ್ತೆ. ಆಮೇಲೆ ಕರ್ನಲ್ ಅದೇ ಹೆಸರನ್ನ ಇನ್ನೊಂದು ಸಲ ಓದತ್ತೆ. ಎರಡರ ಮಧ್ಯೆ ಆ ಪ್ರೋಗ್ರಾಂನದೇ ಇನ್ನೊಂದು ಥ್ರೆಡ್ ಹೆಸರು ಬದಲಾಯಿಸಿದ್ರೆ? ಟಿಕೆಟ್ ತೋರಿಸಿದೋರು ಒಬ್ಬರು, ಬಸ್ ಹತ್ತಿದೋರು ಇನ್ನೊಬ್ಬರು. ಕೇಂಬ್ರಿಡ್ಜ್‌ನ ರಾಬರ್ಟ್ ವಾಟ್ಸನ್ 2007ರಲ್ಲೇ ಒಂದು ಪ್ರಬಂಧದಲ್ಲಿ ಸಿಸ್ಟಂ ಕಾಲ್ ಸುತ್ತ ಕಟ್ಟಿದ ಕಾವಲುಗಳನ್ನ ಹೀಗೆ ದಾಟೋದನ್ನ ಮಾಡಿ ತೋರಿಸಿದ್ರು.

ಇನ್ನು ರೈಟ್ ಕಾಲ್ ಹಿಡಿದು ರ‍್ಯಾನ್ಸಮ್‌ವೇರ್ ಪತ್ತೆ ಹಚ್ತೀವಿ ಅನ್ನೋರಿಗೆ ಒಂದು ಮಾತು. ಎಂಮ್ಯಾಪ್ ಮಾಡಿ ಫೈಲನ್ನ ಮೆಮೊರಿಗೆ ತಂದ್ಕೊಂಡು ಅಲ್ಲೇ ಬರೆದ್ರೆ ರೈಟ್ ಕಾಲ್ ಆಗೋದೇ ಇಲ್ಲ. ಐಒ ಯೂರಿಂಗ್ ಅಂತ 2019ರಲ್ಲಿ ಬಂದ ವ್ಯವಸ್ಥೆಯಲ್ಲಿ ಪ್ರೋಗ್ರಾಂ ತನ್ನ ಕೋರಿಕೆಗಳನ್ನ ಒಂದು ಸಾಲಿನಲ್ಲಿ ಇಟ್ಟುಬಿಡತ್ತೆ, ಕರ್ನಲ್ ಎತ್ಕೊಂಡು ಮಾಡತ್ತೆ. ತೆರೆಯೋದು, ಓದೋದು, ಬರೆಯೋದು ಎಲ್ಲಾ ಆಗತ್ತೆ, ಓಪನ್ ಅನ್ನೋ ಸಿಸ್ಟಂ ಕಾಲ್ ಒಂದೂ ಕಾಣಲ್ಲ. 2025ರಲ್ಲಿ ಆರ್ಮೋ ಅನ್ನೋ ಸೆಕ್ಯುರಿಟಿ ಕಂಪನಿಯೋರು ಇದನ್ನೇ ಬಳಸೋ ಒಂದು ಮಾದರಿ ರೂಟ್‌ಕಿಟ್ ಮಾಡಿ, ಸಿಸ್ಟಂ ಕಾಲ್‌ಗಳನ್ನ ಮಾತ್ರ ನೋಡೋ ಟೂಲ್‌ಗಳಿಗೆ ಅದು ಕಾಣಲ್ಲ ಅಂತ ತೋರಿಸಿದ್ರು.

ಕನ್ನಡ ಸಂಘದೋರಾಗಿ ಒಂದು ಉದಾಹರಣೆ ಕೊಡದೇ ಇರೋಕೆ ಆಗ್ತಿಲ್ಲ. ಹೆಸರು ನೋಡಿ ಫೈಲ್ ತಡೆಯೋ ಕೋಡ್‌ಗೆ ‘ಕೊಕ್ಕೆ’ ಅನ್ನೋ ಹೆಸರಿನ ಫೈಲ್ ಕೊಟ್ಟು ನೋಡಿ. ಯೂನಿಕೋಡ್‌ನಲ್ಲಿ ‘ಕೊ’ ಬರೆಯೋಕೆ ಎರಡು ರೀತಿ ಇದೆ. ಒತ್ವದ ಚಿಹ್ನೆಯನ್ನ ಒಂದೇ ಕೋಡ್ ಆಗಿ ಬರೀಬಹುದು, ಎತ್ವ ಮತ್ತು ಊತ್ವದ ಚಿಹ್ನೆಗಳನ್ನ ಒಂದರ ಪಕ್ಕ ಒಂದು ಇಟ್ಟೂ ಬರೀಬಹುದು. ಸ್ಕ್ರೀನ್ ಮೇಲೆ ಒಂದೇ ಥರ ಕಾಣತ್ತೆ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಕೋಡ್‌ಗೂ 3 ಬೈಟ್, ಹಾಗಾಗಿ ಮೊದಲನೆಯದು 18 ಬೈಟ್, ಎರಡನೆಯದು 21 ಬೈಟ್. ಮಾಮೂಲಿಯಾಗಿ ಫಾರ್ಮ್ಯಾಟ್ ಮಾಡಿದ ಇಎಕ್ಸ್‌ಟಿ4ಗೆ ಇವು ಎರಡು ಬೇರೆ ಫೈಲ್. ಒಂದನ್ನ ತಡೆದು ಇನ್ನೊಂದನ್ನ ಬಿಡತ್ತೆ ನಿಮ್ಮ ಕೊಕ್ಕೆ. ಫೈಲ್ ಹೆಸರಿಗೆ 255 ಬೈಟ್ ಮಿತಿ, ಅಂದ್ರೆ 85 ಕನ್ನಡ ಕೋಡ್. ಹೆಸರು ಇಟ್ಕೊಳ್ಳೋಕೆ 64 ಬೈಟ್‌ನ ಬಫರ್ ಸಾಕು ಅಂದ್ಕೊಂಡ ಮಾಡ್ಯೂಲ್ 21 ಕೋಡ್ ಆದ್ಮೇಲೆ ಇಪ್ಪತ್ತೆರಡನೆಯದರ ಮಧ್ಯದಲ್ಲೇ ಕತ್ತರಿಸಿ ಲಾಗ್‌ನಲ್ಲಿ ಕಸ ಮುದ್ರಿಸತ್ತೆ. ಇಂಗ್ಲಿಷ್ ಹೆಸರಿನ ಫೈಲ್ ಮಾತ್ರ ಇಟ್ಕೊಂಡು ಟೆಸ್ಟ್ ಮಾಡಿದ್ರೆ ಇದು ಯಾವತ್ತೂ ಗೊತ್ತಾಗಲ್ಲ.

ಹಾಗಾದ್ರೆ ಎಲ್ಲಿಂದ ಕಲಿಯೋದು? ಇಲ್ಲಿ ಬೆಂಗಳೂರಿನ ಕಥೆ ಬರತ್ತೆ.

ಲಿನಕ್ಸ್ ಸೋರ್ಸ್ ತೆಗೆದು ಕರ್ನಲ್ ಅನ್ನೋ ಫೋಲ್ಡರ್‌ನ ಒಳಗೆ ಕೆಪ್ರೋಬ್ಸ್ ಅನ್ನೋ ಫೈಲ್ ನೋಡಿ. ಮೇಲಿನ ಕಾಮೆಂಟ್‌ನಲ್ಲಿ ಕಾಪಿರೈಟ್ ಐಬಿಎಂದು. ಅದರ ಕೆಳಗೆ ಇತಿಹಾಸ: 2002ರ ಅಕ್ಟೋಬರ್‌ನಲ್ಲಿ ಮೊದಲ ರೂಪ ಬರೆದಿದ್ದು ವಂಶಿ ಕೃಷ್ಣ ಎಸ್. 2004ರಲ್ಲಿ ಅದನ್ನ ಮುಂದುವರಿಸಿದ್ದು ಪ್ರಸನ್ನ ಎಸ್. ಪಂಚಮುಖಿ. ಫಂಕ್ಷನ್‌ಗೆ ಬಂದ ಆರ್ಗ್ಯುಮೆಂಟ್‌ಗಳನ್ನ ನೋಡೋ ಜಂಪರ್ ಪ್ರೋಬ್ ಸೇರಿಸಿದ್ದು ಸುಪರ್ಣಾ ಭಟ್ಟಾಚಾರ್ಯ. ಇವರು ಐಬಿಎಂನ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನ ಭಾರತದ ತಂಡದೋರು, ಆ ತಂಡ ಇದ್ದದ್ದು ಬೆಂಗಳೂರಿನ ಸಾಫ್ಟ್‌ವೇರ್ ಲ್ಯಾಬ್‌ನಲ್ಲಿ. 2004ರ ಅಕ್ಟೋಬರ್‌ನ 2.6.9ರಲ್ಲಿ ಕೆಪ್ರೋಬ್ಸ್ ಮುಖ್ಯ ಕರ್ನಲ್ ಸೇರಿತು. ಆಮೇಲೆ ವರ್ಷಗಟ್ಟಲೆ ಕರ್ನಲ್‌ನ ಮೇಂಟೇನರ್ಸ್ ಪಟ್ಟಿಯಲ್ಲಿ ಇದರ ಮುಂದೆ ಇದ್ದ ಹೆಸರುಗಳಲ್ಲಿ ಎರಡು: ಐಬಿಎಂ ಇಂಡಿಯಾದ ಅನಂತ್ ಎನ್. ಮಾವಿನಕಾಯನಹಳ್ಳಿ, ಇಂಟೆಲ್‌ನ ಅನಿಲ್ ಎಸ್. ಕೇಶವಮೂರ್ತಿ. ಪ್ರಪಂಚದ ಎಲ್ಲಾ ಕಡೆ ಓಡೋ ಕರ್ನಲ್‌ನ ಸೋರ್ಸ್‌ನಲ್ಲಿ ಮಾವಿನಕಾಯನಹಳ್ಳಿ ಅಂತ ಒಂದು ಹಳ್ಳಿಯ ಹೆಸರು! 2006ರಲ್ಲಿ ಒಟ್ಟಾವಾದ ಲಿನಕ್ಸ್ ಸಿಂಪೋಸಿಯಂನಲ್ಲಿ ಇವರಲ್ಲಿ ಕೆಲವರು ಸೇರಿ ಕೆಪ್ರೋಬ್ಸ್‌ನ ಹೊಟ್ಟೆಯೊಳಗೆ ಏನಿದೆ ಅಂತ ಪ್ರಬಂಧ ಮಂಡಿಸಿದ್ರು. ಪಾಠದ ಪುಸ್ತಕಕ್ಕಿಂತ ಅದು ಸುಲಭವಾಗಿ ಓದಿಸಿಕೊಳ್ಳತ್ತೆ, ನಂಬಿ.

ಕೆಲಸ ಮಾಡೋ ರೀತಿ ಮೈಸೂರು ರಸ್ತೆಯಲ್ಲಿ ಚೆಕಿಂಗ್‌ನೋರು ಬಸ್ ನಿಲ್ಲಿಸ್ತಾರಲ್ಲ, ಹಾಗೆ. ಕರ್ನಲ್‌ನ ಯಾವುದೋ ಒಂದು ಸಾಲಿನಲ್ಲಿ ನೋಡಬೇಕು ಅಂತ ಹೇಳಿದ್ರೆ, ಅಲ್ಲಿರೋ ಇನ್‌ಸ್ಟ್ರಕ್ಷನ್‌ನ ಒಂದು ನಕಲು ತೆಗೆದಿಟ್ಟುಕೊಂಡು ಅದರ ಮೊದಲ ಬೈಟ್ ಜಾಗದಲ್ಲಿ ಬ್ರೇಕ್‌ಪಾಯಿಂಟ್ ಇಡತ್ತೆ. ಪ್ರೊಸೆಸರ್ ಅಲ್ಲಿಗೆ ಬಂದಾಗ ನಿಲ್ಲತ್ತೆ, ನಿಮ್ಮ ಹ್ಯಾಂಡ್ಲರ್ ಓಡತ್ತೆ, ರಿಜಿಸ್ಟರ್‌ಗಳಲ್ಲಿ ಏನಿದೆ ನೋಡಿಕೊಳ್ಳಬಹುದು. ಆಮೇಲೆ ನಕಲು ಮಾಡಿಟ್ಟ ಇನ್‌ಸ್ಟ್ರಕ್ಷನ್ ಓಡಿಸಿ ಬಸ್ ಮುಂದಕ್ಕೆ ಬಿಡತ್ತೆ. ಕರ್ನಲ್ ಮತ್ತೆ ಕಂಪೈಲ್ ಮಾಡೋ ಹಾಗಿಲ್ಲ, ರೀಬೂಟ್ ಬೇಡ. ಫಂಕ್ಷನ್‌ನ ಶುರುವಿನಲ್ಲೇ ನೋಡೋದಾದ್ರೆ ಈಗ ಬ್ರೇಕ್‌ಪಾಯಿಂಟ್ ಕೂಡ ಇಲ್ಲದೆ, ಇನ್ನೂ ಹಗುರವಾದ ದಾರಿಯಲ್ಲಿ ಆಗತ್ತೆ. ಸಿಸ್ಟಂಟ್ಯಾಪ್ ನಿಂತಿದ್ದು ಇದರ ಮೇಲೆ. ಇವತ್ತು ಇಬಿಪಿಎಫ್ ಅಂತ ಎಲ್ಲರೂ ಮಾತಾಡ್ತಾರಲ್ಲ, ಅದರ ಎಷ್ಟೋ ಟೂಲ್‌ಗಳು ಕರ್ನಲ್‌ಗೆ ಕಣ್ಣಿಡೋದು ಇದರ ಮೂಲಕವೇ.

ನಮಗೆ ಇದರಲ್ಲಿ ಇಷ್ಟ ಆಗೋದು ಇದರ ಮಿತಿಗಳು. ಹ್ಯಾಂಡ್ಲರ್ ಒಳಗೆ ನಿದ್ದೆ ಮಾಡೋ ಹಾಗಿಲ್ಲ, ಅಂದ್ರೆ ಕಾಯೋ ಕೆಲಸ ಯಾವುದೂ ಇಲ್ಲ. ಅಲ್ಲಿಂದ ಫೈಲ್ ಓದಿ ವೈರಸ್ ಇದೆಯಾ ನೋಡ್ತೀನಿ ಅಂದ್ರೆ ಆಗಲ್ಲ. ಪ್ರೋಗ್ರಾಂನ ಮೆಮೊರಿಯಿಂದ ಹೆಸರು ಓದೋಕೆ ಹೋದ್ರೆ ಆ ಪೇಜ್ ಆಗ ಮೆಮೊರಿಯಲ್ಲಿ ಇಲ್ಲದೇ ಇರಬಹುದು, ಅದಕ್ಕೆ ಬೇರೆ ಎಚ್ಚರಿಕೆಯ ಫಂಕ್ಷನ್ ಬಳಸಬೇಕು. ಮುಖ್ಯವಾಗಿ, ಇದು ನೋಡೋಕೆ ಇರೋದು, ತಡೆಯೋಕೆ ಅಲ್ಲ. ಮೂರನೇ ಸೆಮ್‌ನಲ್ಲಿ ಇಂಟರಪ್ಟ್ ಕಾಂಟೆಕ್ಸ್ಟ್, ಪೇಜ್ ಫಾಲ್ಟ್ ಅಂತ ಉರು ಹೊಡೆದಿದ್ದೆಲ್ಲ ಈ ಮಿತಿಗಳನ್ನ ಮುಟ್ಟಿದಾಗ ತಾನಾಗೇ ಅರ್ಥ ಆಗತ್ತೆ. ಒಂದು ತಮಾಷೆ ಅಂದ್ರೆ, 5.7ರಲ್ಲಿ ಮುಚ್ಚಿದ ಆ ವಿಳಾಸ ಹುಡುಕೋ ದಾರಿಯನ್ನ ರೂಟ್‌ಕಿಟ್ ಬರೆಯೋರು ಮತ್ತೆ ತೆಗೆದಿದ್ದು ಕೆಪ್ರೋಬ್ ಇಟ್ಟೇ. ಒಂದು ಪ್ರೋಬ್ ನೋಂದಾಯಿಸಿದ್ರೆ ಕರ್ನಲ್ ಆ ಫಂಕ್ಷನ್‌ನ ವಿಳಾಸ ತುಂಬಿಕೊಡತ್ತಲ್ಲ! ಒಳ್ಳೇ ಸಾಧನದ ಹಣೆಬರಹ.

ತಡೆಯೋದೇ ಬೇಕು ಅಂದ್ರೆ ಅದಕ್ಕೆ ಅಂತಲೇ ಕಟ್ಟಿದ ಜಾಗಗಳಿವೆ. ಆಂಟಿವೈರಸ್ ಕಂಪನಿಗಳು ದಝೂಕೋ ಥರದ ಹೊರಗಿನ ಮಾಡ್ಯೂಲ್‌ಗಳಲ್ಲಿ ಒದ್ದಾಡ್ತಿದ್ದ ಕಾಲ ಮುಗಿದು, ರೆಡ್‌ಹ್ಯಾಟ್‌ನ ಎರಿಕ್ ಪ್ಯಾರಿಸ್ ಬರೆದ ಫ್ಯಾನೋಟಿಫೈ 2011ರ ಜನವರಿಯ 2.6.37ರಲ್ಲಿ ಬಳಕೆಗೆ ಸಿಕ್ತು. ಇದರಲ್ಲಿ ಕರ್ನಲ್ ಒಂದು ಫೈಲ್ ತೆರೆಯೋದನ್ನ ಅರ್ಧಕ್ಕೆ ನಿಲ್ಲಿಸಿ, ಹೊರಗೆ ಓಡ್ತಿರೋ ಮಾಮೂಲಿ ಪ್ರೋಗ್ರಾಂಗೆ ‘ಬಿಡಲಾ?’ ಅಂತ ಕೇಳತ್ತೆ. ಆ ಪ್ರೋಗ್ರಾಂ ಹೂಂ ಅಂದ್ರೆ ಮುಂದೆ. ಕೇಳೋದು ತೆರೆಯೋವಾಗ, ಓದೋವಾಗ, ಎಕ್ಸಿಕ್ಯೂಟ್ ಮಾಡೋಕೆ ತೆರೆಯೋವಾಗ. ಅಳಿಸೋದು, ಹೆಸರು ಬದಲಾಯಿಸೋದು ಆದ್ರೆ ಸುದ್ದಿ ಕೊಡಬಹುದು, ತಡೆಯೋಕೆ ಆಗಲ್ಲ. ಅದಕ್ಕೆ ಎಲ್‌ಎಸ್‌ಎಂ ಇದೆ, ಲಿನಕ್ಸ್ ಸೆಕ್ಯುರಿಟಿ ಮಾಡ್ಯೂಲ್ಸ್. ಸೆಲಿನಕ್ಸ್, ಆಪ್‌ಆರ್ಮರ್ ಎಲ್ಲಾ ಅಲ್ಲೇ ನಿಲ್ಲೋದು. ಅದರ ಕೊಕ್ಕೆಗಳು ಕರ್ನಲ್ ಹೆಸರನ್ನ ತನ್ನ ಒಳಗೆ ತಂದ್ಕೊಂಡು ನಿಜವಾದ ಫೈಲ್ ಯಾವುದು ಅಂತ ಕಂಡುಕೊಂಡ ಮೇಲೆ ಬರ್ತವೆ, ಹಾಗಾಗಿ ಟಿಕೆಟ್ ಬದಲಾಯಿಸೋ ಆಟ ನಡೆಯಲ್ಲ. ಐಒ ಯೂರಿಂಗ್ ಮೂಲಕ ತೆರೆದ್ರೂ ಆ ಜಾಗ ದಾಟಲೇಬೇಕು. 2020ರಿಂದ ಅಲ್ಲಿಗೆ ಇಬಿಪಿಎಫ್ ಪ್ರೋಗ್ರಾಂ ಕೂಡ ಹಾಕಬಹುದು. ಎಂಮ್ಯಾಪ್ ಮಾಡಿ ಬರೆಯೋ ಒಂದೊಂದು ಬೈಟ್ ಇಲ್ಲೂ ಕಾಣಲ್ಲ. ಬರೆಯೋ ಅನುಮತಿಯಿಂದ ಫೈಲ್ ತೆರೆದಿದ್ದು, ಮ್ಯಾಪ್ ಮಾಡಿದ್ದು ಕಾಣತ್ತೆ, ಅಷ್ಟೇ. ‘ನಮ್ಮ ಸಿಸ್ಟಂಗೆ ಇದು ಕಾಣಲ್ಲ’ ಅಂತ ಒಂದು ಪುಟ ರಿಪೋರ್ಟ್‌ನಲ್ಲಿ ಇರಬೇಕು ಅನ್ನೋದು ನಮ್ಮ ಆಸೆ. 99 ಪರ್ಸೆಂಟ್ ಆಕ್ಯುರೆಸಿಯ ಗ್ರಾಫ್‌ಗಿಂತ ನಾವು ಆ ಪುಟ ಮೊದಲು ಓದ್ತೀವಿ.

ಕರ್ನಲ್ ಒಳಗೆ ಎಷ್ಟು ಕೆಲಸ ಮಾಡಬೇಕು ಅನ್ನೋದಕ್ಕೆ 2024ರ ಜುಲೈ 19 ನೆನಪಿರಬೇಕು. ಆ ಬೆಳಗ್ಗೆ ನಮ್ಮ ಸಮಯ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಒಂದು ಅಪ್‌ಡೇಟ್ ಬಿಟ್ಟಿತು, 10.57ಕ್ಕೆ ವಾಪಸ್ ತಗೊಂಡಿತು. ಆ 78 ನಿಮಿಷದಲ್ಲಿ ತೊಂದರೆಗೆ ಸಿಕ್ಕಿದ ವಿಂಡೋಸ್ ಮೆಷಿನ್‌ಗಳು ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಸುಮಾರು 85 ಲಕ್ಷ. ಬೆಂಗಳೂರು ಏರ್‌ಪೋರ್ಟ್‌ನಲ್ಲೂ ಚೆಕ್-ಇನ್ ಕೈಕೊಟ್ಟಿತು, ದೇಶದ ಹಲವು ಕಡೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ರು. ಎಲ್ಲರೂ ‘ಅಪ್‌ಡೇಟ್ ಹಾಳಾಗಿತ್ತು’ ಅಂತ ಹೇಳಿ ಮುಗಿಸಿದ್ರು. ಒಳಗಿನ ಕಾರಣ ನಮ್ಮ ವಿಷಯಕ್ಕೆ ಹತ್ತಿರದ್ದು. ಆ ಅಪ್‌ಡೇಟ್ ಇದ್ದದ್ದು ನೇಮ್ಡ್ ಪೈಪ್‌ಗಳ ಬಳಕೆಯನ್ನ ಗಮನಿಸೋಕೆ. ವಿಂಡೋಸ್‌ನಲ್ಲಿ ನೇಮ್ಡ್ ಪೈಪ್‌ನ ತೆರೆಯೋದೂ ಫೈಲ್ ತೆರೆಯೋ ಕಾಲ್‌ನಿಂದಲೇ. ನಿಯಮದ ವಿವರಣೆಯಲ್ಲಿ 21 ಫೀಲ್ಡ್ ಅಂತ ಇತ್ತು, ಡ್ರೈವರ್‌ಗೆ ಕೊಡ್ತಿದ್ದದ್ದು 20. ಇಪ್ಪತ್ತೊಂದನೆಯದನ್ನ ಓದೋಕೆ ಹೋಗಿ ಅರೇ ಆಚೆ ಕಾಲಿಟ್ಟಿತು. ನಾವು ಮೊದಲ ವರ್ಷ ಸಿ ಲ್ಯಾಬ್‌ನಲ್ಲಿ ಕೇಳಿದ ಅದೇ ತಪ್ಪು. ಮಾಮೂಲಿ ಪ್ರೋಗ್ರಾಂನಲ್ಲಿ ಆಗಿದ್ರೆ ಸೆಗ್‌ಮೆಂಟೇಷನ್ ಫಾಲ್ಟ್, ಆ ಪ್ರೋಗ್ರಾಂ ಮಾತ್ರ ಸಾಯ್ತಿತ್ತು. ಕರ್ನಲ್ ಒಳಗೆ ಆಗಿದ್ದಕ್ಕೆ ನೀಲಿ ಸ್ಕ್ರೀನ್, ಮತ್ತೆ ಬೂಟ್ ಆದ್ರೂ ಅದೇ ನೀಲಿ ಸ್ಕ್ರೀನ್.

ನಿಯಮಗಳನ್ನ ಓದಿ ಅರ್ಥ ಮಾಡ್ಕೊಂಡು ತೀರ್ಮಾನ ಮಾಡೋ ಕೆಲಸ ಕರ್ನಲ್ ಒಳಗೆ ಯಾಕೆ ಇರಬೇಕು ಅನ್ನೋದು ಆಮೇಲೆ ಎಲ್ಲರೂ ಕೇಳಿದ ಪ್ರಶ್ನೆ. ಅದೇ ವರ್ಷ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಕೂಡ ಸೆಕ್ಯುರಿಟಿ ಸಾಫ್ಟ್‌ವೇರ್‌ಗಳು ಕರ್ನಲ್ ಹೊರಗೇ ಕೆಲಸ ಮಾಡೋ ದಾರಿ ಮಾಡ್ತೀವಿ ಅಂತ ಹೇಳಿತು. ವೇಗ ಕಡಿಮೆ ಆಗತ್ತೆ, ಹೊರಗಿನ ಪ್ರೋಗ್ರಾಂನ ವೈರಸ್ಸೇ ಸಾಯಿಸಬಹುದು ಅನ್ನೋ ವಾದ ಇದೆ, ಅದರಲ್ಲಿ ಹುರುಳೂ ಇದೆ. ಆದ್ರೂ ನಮ್ಮ ನಿಲುವು ಇದು: ಕಣ್ಣು ಕರ್ನಲ್ ಒಳಗೆ ಇರಲಿ, ತಲೆ ಹೊರಗೆ ಇರಲಿ. ಇಬಿಪಿಎಫ್‌ನಲ್ಲಿ ಕೋಡ್ ಒಳಗೆ ಬಿಡೋ ಮುಂಚೆ ವೆರಿಫೈಯರ್ ನೋಡತ್ತೆ, ಅದಕ್ಕೇ ಅದು ಮಾಡ್ಯೂಲ್‌ಗಿಂತ ವಾಸಿ. ಆ ವೆರಿಫೈಯರ್‌ನಲ್ಲೂ ಬಗ್ ಸಿಕ್ಕಿವೆ, ಹಾಗಂತ ಗೇಟೇ ಬೇಡ ಅನ್ನೋಕಾಗಲ್ಲ.

ಇನ್ನೊಂದು ಕಡೆಯೂ ಇದೆ. ಕೊಕ್ಕೆ ಹಾಕೋರು ನಾವು ಅಂತ ಇಷ್ಟೊತ್ತು ಮಾತಾಡಿದ್ವಿ, ಆದ್ರೆ ಹಾಕಿಸ್ಕೊಂಡಿರೋರೂ ನಾವೇ. 2005ರ ಅಕ್ಟೋಬರ್ 31ರಂದು ಮಾರ್ಕ್ ರಸಿನೋವಿಚ್ ತನ್ನ ಕಂಪ್ಯೂಟರ್‌ನಲ್ಲಿ ಕಂಡುಹಿಡಿದಿದ್ದನ್ನ ಬರೆದ್ರು: ಸೋನಿ ಬಿಎಂಜಿಯ ಹಾಡಿನ ಸಿಡಿ ಹಾಕಿದ್ರೆ ಕಾಪಿ ತಡೆಯೋ ಸಾಫ್ಟ್‌ವೇರ್ ಸದ್ದಿಲ್ಲದೆ ಕೂರ್ತಿತ್ತು, ಸಿಸ್ಟಂ ಕಾಲ್ ಟೇಬಲ್ ತಿದ್ದಿ ಒಂದು ಗೊತ್ತಾದ ಅಕ್ಷರಗಳಿಂದ ಶುರುವಾಗೋ ಎಲ್ಲಾ ಫೈಲ್‌ಗಳನ್ನೂ ಮರೆ ಮಾಡ್ತಿತ್ತು. ಬೇರೆ ಮಾಲ್‌ವೇರ್‌ಗಳು ತಮ್ಮ ಫೈಲ್‌ಗೂ ಅದೇ ಹೆಸರು ಇಟ್ಕೊಂಡು ಅಡಗಿ ಕೂತವು. ನಮ್ಮ ಕಾಲಕ್ಕೆ ಬನ್ನಿ. ಗೆನ್‌ಶಿನ್ ಇಂಪ್ಯಾಕ್ಟ್ ಆಟದ ಆಂಟಿ-ಚೀಟ್ ಡ್ರೈವರನ್ನ ರ‍್ಯಾನ್ಸಮ್‌ವೇರ್ ಗುಂಪೊಂದು ಆಂಟಿವೈರಸ್ ನಿಲ್ಲಿಸೋಕೆ ಬಳಸಿದ್ದನ್ನ 2022ರಲ್ಲಿ ಟ್ರೆಂಡ್ ಮೈಕ್ರೋ ವರದಿ ಮಾಡಿತು. ಆಟ ಆಡದೇ ಇರೋರ ಮೆಷಿನ್‌ಗೂ ಆ ಡ್ರೈವರ್ ತಂದು ಹಾಕಿ ಬಳಸಬಹುದು, ಯಾಕಂದ್ರೆ ಅದಕ್ಕೆ ಸರಿಯಾದ ಸಹಿ ಇದೆ. ಹಾಸ್ಟೆಲ್‌ನಲ್ಲಿ ವ್ಯಾಲರೆಂಟ್ ಆಡೋರಿಗೆ ವ್ಯಾನ್‌ಗಾರ್ಡ್ ಗೊತ್ತು, ಅದರ ಡ್ರೈವರ್ ಲ್ಯಾಪ್‌ಟಾಪ್ ಆನ್ ಆದಾಗಲೇ ಏಳತ್ತೆ, ಆಟ ತೆರೆದಾಗ ಅಲ್ಲ. ಆಡಬೇಡಿ ಅಂತ ನಾವು ಹೇಳಲ್ಲ, ಹೇಳಿದ್ರೂ ಯಾರೂ ಕೇಳಲ್ಲ. ಏನು ಕೂತಿದೆ ಅಂತ ನೋಡ್ಕೊಳ್ಳಿ ಅಂತ ಮಾತ್ರ ಹೇಳ್ತೀವಿ. ವಿಂಡೋಸ್‌ನಲ್ಲಿ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು ಎಫ್-ಎಲ್-ಟಿ-ಎಂ-ಸಿ ಅಂತ ಟೈಪ್ ಮಾಡಿ. ನಿಮ್ಮ ಫೈಲ್ ಕೆಲಸಗಳ ದಾರಿಯಲ್ಲಿ ನಿಂತಿರೋ ಫಿಲ್ಟರ್‌ಗಳ ಪಟ್ಟಿ ಬರತ್ತೆ, ಪ್ರತಿಯೊಂದರ ಮುಂದೆ ಆಲ್ಟಿಟ್ಯೂಡ್ ಅನ್ನೋ ನಂಬರ್. ಮೈಕ್ರೋಸಾಫ್ಟ್ ಕೊಡೋ ಈ ನಂಬರ್ ನೋಡಿದ್ರೆ ಯಾರು ಯಾರಿಗಿಂತ ಮೇಲೆ ಅಂತ ಗೊತ್ತಾಗತ್ತೆ. ಆಂಟಿವೈರಸ್‌ಗಳದ್ದು 3,20,000ದಿಂದ ಮೇಲೆ, ಎನ್‌ಕ್ರಿಪ್ಷನ್‌ದು 1,40,000ದ ಆಸುಪಾಸು. ಆಂಟಿವೈರಸ್ ಮೇಲಿರೋದರಿಂದ ಅದಕ್ಕೆ ಗೂಢಲಿಪಿ ಬಿಡಿಸಿದ ಫೈಲ್ ಕಾಣತ್ತೆ. ಪಟ್ಟಿಯಲ್ಲಿ ಗುರುತಿಲ್ಲದ ಹೆಸರು ಕಂಡ್ರೆ ಅದು ಯಾವ ಸಾಫ್ಟ್‌ವೇರ್ ಜೊತೆ ಬಂತು ಅಂತ ಹುಡುಕಿ.

ಈಗ ನಮ್ಮ ಬೇಡಿಕೆ. ನಮ್ಮ ಆಪರೇಟಿಂಗ್ ಸಿಸ್ಟಂ ಲ್ಯಾಬ್‌ನಲ್ಲಿ ಫೈಲ್ ಅಂದ್ರೆ ಒಂದು ಅರೇ, ಡೈರೆಕ್ಟರಿ ಅಂದ್ರೆ ಇನ್ನೊಂದು ಅರೇ. ಬ್ಯಾಂಕರ್ಸ್ ಅಲ್ಗಾರಿದಂ, ಪೇಜ್ ರೀಪ್ಲೇಸ್‌ಮೆಂಟ್ ಎಲ್ಲಾ ಸಿ ಪ್ರೋಗ್ರಾಂ ಬರೆದು ನಟನೆ ಮಾಡಿಸ್ತೀವಿ. ಅದು ಬೇಡ ಅನ್ನಲ್ಲ. ಆದ್ರೆ ಕಾಲು ಕೆಳಗೆ ನಿಜವಾದ ಕರ್ನಲ್ ಓಡ್ತಿರೋವಾಗ ಒಂದು ಸಲಾನೂ ಅದರ ಒಳಗೆ ಇಣುಕದೆ ಆ ಪೇಪರ್ ಪಾಸ್ ಆಗೋದು ವಿಚಿತ್ರ. ಮೂರು ಲ್ಯಾಬ್ ಕ್ಲಾಸ್ ಸಾಕು.

ಮೊದಲ ವಾರ ಸಿ ಬೇಕಾಗೇ ಇಲ್ಲ. ಟ್ರೇಸಿಂಗ್ ಡೈರೆಕ್ಟರಿಯಲ್ಲಿ ಕೆಪ್ರೋಬ್ ಇವೆಂಟ್ಸ್ ಅನ್ನೋ ಫೈಲ್ ಇದೆ, ಅದಕ್ಕೆ ಒಂದು ಸಾಲು ಬರೆದ್ರೆ ಪ್ರೋಬ್ ಕೂತುಬಿಡತ್ತೆ. ಫೈಲ್ ಕೆಲಸ ಹಿಡಿಯೋಕೆ ಒಂದು ಫೈಲ್‌ಗೆ ಬರೆಯೋದು, ಚೆನ್ನಾಗಿದೆ ಅಲ್ವಾ? ಆಮೇಲೆ ಬರೀ ಎಲ್‌ಎಸ್ ಕಮಾಂಡ್ ಹೊಡೆದು ನೋಡಿ. ನಿಮ್ಮ ಫೋಲ್ಡರ್ ತೆರೆಯೋ ಮುಂಚೆ ಲೈಬ್ರರಿಗಳ ಕ್ಯಾಶ್, ಸಿ ಲೈಬ್ರರಿ, ಲೊಕೇಲ್ ಅಂತ ಎಷ್ಟು ಬಾಗಿಲು ತಟ್ಟತ್ತೆ ಅನ್ನೋದು ಕಾಣತ್ತೆ. ಎರಡನೇ ವಾರ ಕರ್ನಲ್ ಸೋರ್ಸ್‌ನ ಸ್ಯಾಂಪಲ್ಸ್ ಫೋಲ್ಡರ್‌ನಲ್ಲಿರೋ ಕೆಪ್ರೋಬ್ ಮಾಡ್ಯೂಲ್ ಹಾಕೋದು, ಆ ಮಿತಿಗಳನ್ನ ಕೈಯಾರೆ ಮುಟ್ಟೋದು. ಮೂರನೇ ವಾರ ಫ್ಯಾನೋಟಿಫೈ. ಅದರ ಮ್ಯಾನ್ ಪೇಜ್‌ನಲ್ಲೇ ಪೂರ್ತಿ ಉದಾಹರಣೆ ಇದೆ. ಅದಕ್ಕೆ ಒಂದು ಸಾಲು ಸೇರಿಸಿ, ಪ್ರತಿ ಸಲ ಉತ್ತರ ಕೊಡೋ ಮುಂಚೆ ಅದೇ ಪಾರ್ಟಿಷನ್‌ನಲ್ಲಿರೋ ಲಾಗ್ ಫೈಲ್ ತೆರೆಯೋ ಹಾಗೆ ಮಾಡಿ. ಲಾಗ್ ತೆರೆಯೋಕೆ ಒಪ್ಪಿಗೆ ಬೇಕು, ಒಪ್ಪಿಗೆ ಕೊಡಬೇಕಾದೋನು ಲಾಗ್ ತೆರೆಯೋಕೆ ಕಾಯ್ತಾ ಕೂತಿದ್ದಾನೆ. ಎಲ್ಲಾ ನಿಂತುಹೋಗತ್ತೆ. ಡೆಡ್‌ಲಾಕ್‌ಗೆ ಇದಕ್ಕಿಂತ ಒಳ್ಳೆ ಪಾಠ ನಮಗೆ ಗೊತ್ತಿಲ್ಲ.

ಲ್ಯಾಬ್ ಸಿಸ್ಟಂ ಹಾಳಾಗತ್ತೆ ಅನ್ನೋ ಭಯ ಸಹಜ, ಲ್ಯಾಬ್ ನೋಡ್ಕೊಳ್ಳೋ ಇನ್‌ಸ್ಟ್ರಕ್ಟರ್‌ಗಳ ಕಷ್ಟ ನಮಗೂ ಗೊತ್ತು. ಎಲ್ಲಾ ವರ್ಚುವಲ್ ಮೆಷಿನ್ ಒಳಗೆ, ಶುರು ಮಾಡೋ ಮುಂಚೆ ಒಂದು ಸ್ನ್ಯಾಪ್‌ಶಾಟ್. ನಿಂತುಹೋದ್ರೆ ಎರಡು ಕ್ಲಿಕ್‌ನಲ್ಲಿ ವಾಪಸ್. ಸಿಲಬಸ್‌ನಲ್ಲಿ ಇಲ್ಲ ಅನ್ನೋದು ಇನ್ನೊಂದು ಮಾತು. ಸಿಲಬಸ್ ಬದಲಾಗೋವರೆಗೂ ಕಾಯ್ತಾ ಕೂತ್ರೆ ನಾವು ಪಾಸ್ ಆಗಿ ಹೋಗಿರ್ತೀವಿ. ಹಾಗಾಗಿ ವಿಭಾಗ ಒಪ್ಪಿದ್ರೆ ಲ್ಯಾಬ್‌ನಲ್ಲಿ, ಇಲ್ಲಾಂದ್ರೆ ಸಂಘದ ರೂಮಿನಲ್ಲಿ, ಈ ಮೂರು ಕ್ಲಾಸ್ ನಾವೇ ಕನ್ನಡದಲ್ಲಿ ಮಾಡ್ತೀವಿ. ಟಿಪ್ಪಣಿಗಳನ್ನ ಬರೆಯೋಕೆ ಕೂತಿದ್ದೀವಿ. ಪ್ರೋಬ್‌ಗೆ ಕನ್ನಡದಲ್ಲಿ ಏನನ್ನಬೇಕು ಅನ್ನೋ ಜಗಳ ಇನ್ನೂ ಮುಗಿದಿಲ್ಲ, ಪ್ರೋಬ್ ಅಂತಲೇ ಇರಲಿ ಅನ್ನೋರ ಸಂಖ್ಯೆ ಸದ್ಯಕ್ಕೆ ಜಾಸ್ತಿ. ಬರೋರು ಲ್ಯಾಪ್‌ಟಾಪ್‌ನಲ್ಲಿ 20 ಜಿಬಿ ಖಾಲಿ ಇಟ್ಕೊಂಡು, ಹೊಸ ಕರ್ನಲ್ ಇರೋ ಯಾವುದಾದ್ರೂ ಲಿನಕ್ಸ್‌ನ ವರ್ಚುವಲ್ ಮೆಷಿನ್ ಹಾಕ್ಕೊಂಡು ಬನ್ನಿ. 16.04 ಬೇಡ.